ಆಯಿಯ ಸೂಜಿಮೆಣಸು ಮತ್ತು ನಮ್ಮನೆ ಸೆಟ್‌ಟಾಪ್ ಬಾಕ್ಸು

ಪುಣೆಯಲ್ಲಿ ಸಿಗದ ಸಾಮಾನು ಅಂತ ಈಗ ಹೆಚ್ಚೇನೂ ಉಳಿದಿಲ್ಲ. ನಾನು ಇಲ್ಲಿಗೆ ಬಂದ 1994ರಲ್ಲಿ ಕುಚ್ಚಲಕ್ಕಿಗೂ ಊರಿಗೆ ಹೋದವರ ಚೀಲವನ್ನೇ ಕಾಯಬೇಕಿತ್ತು. ಈಗ ಅಪ್ಪೆಮಿಡಿ ಉಪ್ಪಿನಕಾಯಿಯಿಂದ ಹಿಡಿದು ಜೋನಿಬೆಲ್ಲದವರೆಗೆ ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ಬರುತ್ತೆ. ಬರದೇ ಇರೋದು ಹಸಿ ಸೂಜಿಮೆಣಸು ಒಂದೇ. ಮಹಾತ್ಮಾ ಫುಲೆ ಮಂಡಈಯಲ್ಲಿ ಕೇಳಿದರೆ ಲವಂಗಿ ಮಿರ್ಚಿ ತೋರಿಸ್ತಾರೆ. ಖಾರಕ್ಕೇನೂ ಕಮ್ಮಿಯಿಲ್ಲ, ಆದರೆ ಅಪ್ಪೆಹುಳಿಗೆ ಅದನ್ನು ಹಾಕಿ ಕುಡಿದು ನೋಡಿ, ಗೊತ್ತಾಗುತ್ತೆ. ಸೂಜಿಮೆಣಸಿಗೆ ಖಾರದ ಜೊತೆ ಒಂದು ಪರಿಮಳ ಇದೆ. ಅದಿಲ್ಲದ ಅಪ್ಪೆಹುಳಿ ಬರೀ ಮಾವಿನಕಾಯಿ ನೀರು!

ನಮ್ಮ ಶಿರಸಿ ಕಡೆ ಸೂಜಿಮೆಣಸನ್ನು ಸಾಮಾನ್ಯವಾಗಿ ಯಾರೂ ಬಿತ್ತೋದಿಲ್ಲ. ಪಿಕಳಾರ ಹಕ್ಕಿ ಹಣ್ಣು ತಿಂದು ಬಾವಿಕಟ್ಟೆ ಪಕ್ಕದಲ್ಲೋ ಅಡಿಕೆ ಮರದ ಬುಡದಲ್ಲೋ ಹಿಕ್ಕೆ ಹಾಕುತ್ತೆ, ಅಲ್ಲಿ ಗಿಡ ಹುಟ್ಟುತ್ತೆ. ಕಳೆ ಕೀಳೋರು ಅದನ್ನು ಕಂಡರೆ ಬಿಟ್ಟು ಮುಂದೆ ಹೋಗ್ತಾರೆ, ಅಷ್ಟೇ ಕೃಷಿ. ನಮ್ಮನೆ ಬಾವಿಕಟ್ಟೆ ಪಕ್ಕ ಇದ್ದಿದ್ದು ಬಿಳಿ ಸೂಜಿಮೆಣಸು. ಎಳೆಕಾಯಿ ಹಸಿರಾಗಿರೋ ಬದಲು ಮಜ್ಜಿಗೆ ಬಣ್ಣಕ್ಕೆ ಇರುತ್ತೆ, ಹಣ್ಣಾದಾಗ ಕಿತ್ತಳೆ ಕೆಂಪು. ಆಯಿ ಮದುವೆಯಾಗಿ ಬಂದಾಗಲೇ ಆ ಜಾಗದಲ್ಲಿ ಅದರ ಗಿಡ ಇತ್ತಂತೆ. ಒಂದು ಸತ್ತರೆ ಪಕ್ಕದಲ್ಲಿ ಇನ್ನೊಂದು ಹುಟ್ಟಿಕೊಳ್ತಿತ್ತು. (ನಮ್ಮಲ್ಲಿ ಅಮ್ಮನಿಗೆ ಆಯಿ ಅಂತೀವಿ. ಮರಾಠಿಯಲ್ಲೂ ಆಯಿಯೇ. ಪುಣೆಗೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ಯಾವುದೋ ಮಗು "ಆಯೀ" ಅಂತ ಕೂಗಿದಾಗಲೆಲ್ಲ ನಾನೂ ತಿರುಗಿ ನೋಡ್ತಿದ್ದೆ.)

ಆಯಿ 2022ರ ಮಳೆಗಾಲದಲ್ಲಿ ಹೋದಳು. ಮಕ್ಕಳ ಓದು, ತೋಟಕ್ಕೆ ಆಳಿಲ್ಲ ಅಂತ ಅಣ್ಣ ಮುಂದಿನ ವರ್ಷ ಮನೆ ಮಾರಿ ಶಿರಸಿ ಪೇಟೆಗೆ ಬಂದ. ತಗೊಂಡವರು ಹಿತ್ತಲನ್ನು ಜೆಸಿಬಿಯಲ್ಲಿ ಸಮ ಮಾಡಿಸಿ ವಾಹನ ನಿಲ್ಲಿಸೋ ಜಾಗ ಮಾಡಿದ್ದಾರೆ. ಅವರ ಜಾಗ, ಅವರಿಷ್ಟ. ನನ್ನ ಪಾಲಿಗೆ ಬಂದ ಸಾಮಾನುಗಳಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇತ್ತು. ಒಳಗೆ ಬೂದಿ. ಬೂದಿಯೊಳಗೆ ಬಟ್ಟೆ ಗಂಟು. ಗಂಟಿನೊಳಗೆ ಬಿಳಿ ಸೂಜಿಮೆಣಸಿನ ಬೀಜ. ಪುಣೆಯಲ್ಲಿ ಸಿಗೋದಿಲ್ಲ ಅಂತ ನಾನು ವರ್ಷಾ ವರ್ಷಾ ಗೋಳು ಹೇಳ್ತಿದ್ದುದಕ್ಕೆ ಆಯಿ ತೆಗೆದಿಟ್ಟಿದ್ದಳು. ಎಣಿಸಿದೆ. ಅರವತ್ನಾಲ್ಕು.

ಅಂಗಡಿ ಬೀಜವಾದರೆ ಹುಟ್ಟದಿದ್ದರೆ ಇನ್ನೊಂದು ಪೊಟ್ಟಣ ತರಬಹುದು. ಇದಕ್ಕೆ ಇನ್ನೊಂದು ಪೊಟ್ಟಣ ಇಲ್ಲ. ಹಾಗಂತ ನೆನಪಿಗೆ ಅಂತ ಬಾಟಲಿಯಲ್ಲೇ ಇಟ್ಟುಕೊಳ್ಳೋ ಹಾಗೂ ಇಲ್ಲ. ಮೆಣಸಿನ ಬೀಜ ಮನೆಯಲ್ಲಿ ಇಟ್ಟರೆ ಎರಡು ಮೂರು ವರ್ಷ ಚೆನ್ನಾಗಿರುತ್ತೆ, ಆಮೇಲೆ ಪ್ರತಿ ವರ್ಷ ಅದರಲ್ಲಿ ಒಂದಷ್ಟು ಸುಮ್ಮನೆ ಸಾಯುತ್ತೆ. ಹೊರಗಿನಿಂದ ನೋಡಿದರೆ ಸತ್ತದ್ದು ಬದುಕಿದ್ದು ಒಂದೇ ಥರ. ಬೀಜ ಮಲಗಿದ್ದರೂ ಉಸಿರಾಡ್ತಾ ಇರುತ್ತೆ, ಒಳಗಿನ ಗಂಟನ್ನು ತಿಂದು ಮುಗಿಸ್ತಾ ಇರುತ್ತೆ. ತೇವ ಮತ್ತು ಸೆಖೆ ಹೆಚ್ಚಾದಷ್ಟೂ ಬೇಗ ಮುಗಿಸುತ್ತೆ. ಬೀಜ ಕೂಡಿಡುವವರದ್ದು ಒಂದು ಅಂದಾಜು ಲೆಕ್ಕ ಇದೆ: ಬೀಜದೊಳಗಿನ ತೇವ ಶೇಕಡಾ 1ರಷ್ಟು ಕಮ್ಮಿಯಾದರೆ ಅದರ ಆಯಸ್ಸು ಇಮ್ಮಡಿ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಕಮ್ಮಿಯಾದರೂ ಇಮ್ಮಡಿ. ಶಿರಸಿಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತೆ, ಅಲ್ಲಿ ಬೀಜಕ್ಕೆ ಬೂದಿಯೇ ಗತಿ. ಬೂದಿ ತೇವ ಎಳೆದುಕೊಳ್ಳುತ್ತೆ, ಹುಳ ಹತ್ತಿರ ಬರಗೊಡೋದಿಲ್ಲ. ಆಯಿಗೆ ಶೇಕಡಾ ಲೆಕ್ಕ ಗೊತ್ತಿರಲಿಲ್ಲ, ಬೂದಿ ಗೊತ್ತಿತ್ತು.

ಶಿರಸಿಯೂ ಪುಣೆಯೂ ಸಮುದ್ರ ಮಟ್ಟದಿಂದ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿವೆ, 550ರಿಂದ 600 ಮೀಟರ್ ಒಳಗೆ. ಎರಡೂ ಸಹ್ಯಾದ್ರಿಗೆ ಅಂಟಿಕೊಂಡ ಊರುಗಳೇ. ಆದರೆ ಪುಣೆ ಇರೋದು ಮಳೆ ನೆರಳಿನ ಕಡೆ, ಹಾಗಾಗಿ ಶಿರಸಿಯಲ್ಲಿ ಬೀಳೋ ಮಳೆಯ ಮೂರನೇ ಒಂದು ಭಾಗವೂ ಕಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಇಲ್ಲಿ ಹಪ್ಪಳ ಒಂದೇ ದಿನಕ್ಕೆ ಗರಿಗರಿ. ಅಂದರೆ ಬೀಜ ಒಣಗಿಸಿ ಇಡೋಕೆ ಪುಣೆ ಒಳ್ಳೇದು, ಹುಟ್ಟಿಸೋಕೆ ಶಿರಸಿ ಒಳ್ಳೇದು. ನನ್ನ ಹತ್ತಿರ ಬೀಜ ಇರೋದು ಪುಣೆಯಲ್ಲಿ.

ಹುಟ್ಟಿಸೋ ವಿಷಯಕ್ಕೆ ಎಷ್ಟು ಜನ ಗುರುಗಳು ಸಿಕ್ಕರು ಅಂತೀರಿ! ಮಣ್ಣಲ್ಲಿ ಸೀದಾ ಹಾಕು ಅಂದವರು, ರಾತ್ರಿಯಿಡೀ ನೆನೆಸು ಅಂದವರು, ಬಿಸಿನೀರು ಅಂದವರು, ಮಜ್ಜಿಗೆ ಅಂದವರು. ಸುಭಾಷ್ ಪಾಳೇಕರ್ ಅವರ ಬೀಜಾಮೃತ ಮಾಡು ಅಂತ ಒಬ್ಬರು. 20 ಲೀಟರ್ ನೀರು, 5 ಕಿಲೋ ನಾಟಿ ಹಸುವಿನ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಒಂದು ಹಿಡಿ ಮಣ್ಣು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಅರವತ್ನಾಲ್ಕು ಬೀಜಕ್ಕೆ! ಹೆಂಡತಿ ನನ್ನ ಮುಖ ನೋಡಿದಳು, ನಾನು ಆ ಪುಟ ಮುಚ್ಚಿದೆ.

ಪಕ್ಕದ ಫ್ಲ್ಯಾಟಿನ ಹುಡುಗ, ಹಿಂಜವಡಿಯಲ್ಲಿ ಕೆಲಸ ಮಾಡೋನು, "ಅಂಕಲ್, ಟಿಶ್ಯೂ ಪೇಪರ್ ವಿಧಾನವೇ ಬೆಸ್ಟು" ಅಂತ ಒಂದು ವಿಡಿಯೋ ತೋರಿಸಿದ. ಒದ್ದೆ ಟಿಶ್ಯೂ ನಡುವೆ ಬೀಜ ಇಟ್ಟು, ಎರಡು ತಟ್ಟೆ ಮುಚ್ಚಿ, ಬೆಚ್ಚಗೆ ಕತ್ತಲಲ್ಲಿ ಇಡೋದು. ಬಹಳ ಅಚ್ಚುಕಟ್ಟಾಗಿ ಹೇಳಿದ್ದರು. ಅರ್ಧ ನೋಡಿದ ಮೇಲೆ ಗೊತ್ತಾಯಿತು, ಅದು ಗಾಂಜಾ ಬೀಜದ್ದು! ಯಾವುದೋ ಅನುಮತಿ ಇರೋ ದೇಶದವರು ಮಾಡಿದ್ದು. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕುಂಡದಲ್ಲಿ ಒಂದೇ ಒಂದು ಗಾಂಜಾ ಗಿಡ ಬೆಳೆಸಿದರೂ ಅಪರಾಧ, ಜೈಲೇ. "ಮಗಾ, ಈ ವಿಡಿಯೋ ಸೊಸೈಟಿ ಸೆಕ್ರೆಟರಿಗೆ ಮಾತ್ರ ತೋರಿಸಬೇಡ" ಅಂದೆ. ಆದರೆ ವಿಧಾನದಲ್ಲಿ ತಪ್ಪೇನೂ ಇಲ್ಲ, ಅದು ಗಾಂಜಾದವರ ಸ್ವಂತದ್ದೂ ಅಲ್ಲ. ಬೀಜ ಪರೀಕ್ಷೆ ಮಾಡೋ ಪ್ರಯೋಗಾಲಯಗಳಲ್ಲಿ ಬಹಳ ಹಿಂದಿನಿಂದ ಒದ್ದೆ ಕಾಗದದ ಮೇಲೆ, ಇಲ್ಲವೇ ಎರಡು ಕಾಗದದ ನಡುವೆ ಇಟ್ಟೇ ಬೀಜ ಹುಟ್ಟಿಸ್ತಾರೆ. ನೂರರ ನಾಲ್ಕು ಪಾಲು ಮಾಡಿ, ನಾನೂರು ಬೀಜ ಎಣಿಸಿ ನೋಡ್ತಾರೆ. ಮೆಣಸಿನ ಬೀಜಕ್ಕೆ 20ರಿಂದ 30 ಡಿಗ್ರಿ ಉಷ್ಣತೆ, ಹದಿನಾಲ್ಕು ದಿನ. ನಮ್ಮ ದೇಶದ ಪ್ರಮಾಣಿತ ಬೀಜದಲ್ಲಿ ಮೆಣಸು ನೂರಕ್ಕೆ ಅರವತ್ತು ಹುಟ್ಟಿದರೆ ಪಾಸು. ಬತ್ತಕ್ಕೆ ಎಂಬತ್ತು ಬೇಕು. ಅಂದರೆ ಮೆಣಸು ಸ್ವಭಾವತಃ ಹಠದ್ದು ಅಂತ ಸರ್ಕಾರವೂ ಒಪ್ಪಿಕೊಂಡ ಹಾಗಾಯ್ತು. ಸೂಜಿಮೆಣಸಂತೂ ಮೆಣಸುಗಳಲ್ಲೇ ಅತಿ ಹಠದ್ದು, ಮೂರು ನಾಲ್ಕು ವಾರ ತಗೊಳ್ಳೋದು ಮಾಮೂಲು.

ನಾನು ಹೀಗೆ ಮಾಡಿದೆ. ಹದಿನಾರು ಬೀಜ ಬೂದಿಯಲ್ಲೇ ಬಿಟ್ಟೆ, ಏನೇ ಆದರೂ ಅದನ್ನು ಮುಟ್ಟಬಾರದು ಅಂತ. ಉಳಿದ ನಲವತ್ತೆಂಟನ್ನು ಹನ್ನೆರಡರ ನಾಲ್ಕು ಪಾಲು ಮಾಡಿದೆ. ಶುರು ಮಾಡಿದ್ದು 2024ರ ಮಾರ್ಚ್ ಮಧ್ಯದಲ್ಲಿ. ಪುಣೆಯ ಡಿಸೆಂಬರ್ ಜನವರಿಯಲ್ಲಿ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತೆ, 15ರ ಕೆಳಗೆ ಮೆಣಸು ಅಲುಗಾಡೋದೂ ಇಲ್ಲ. ಆಗ ಒದ್ದೆ ಮಾಡಿದರೆ ಬೀಜ ಏಳೋ ಮೊದಲೇ ಕೊಳೆಯುತ್ತೆ. ಬೀಜ ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ ಅಂತಾರಲ್ಲ, ಅದನ್ನು ಮಾಡಲಿಲ್ಲ. ಮೆಣಸಿನ ಬೀಜ ಹಗುರ, ಚಪ್ಪಟೆ, ಒಣಗಿದ್ದರೆ ಒಳ್ಳೇದೂ ತೇಲುತ್ತೆ. ಅರವತ್ನಾಲ್ಕರಲ್ಲಿ ಹಾಗೆ ಎಸೆಯೋ ಧೈರ್ಯ ಯಾರಿಗಿದೆ?

ಮೊದಲ ಪಾಲು ಸೀದಾ ಕುಂಡದ ಮಣ್ಣಿಗೆ. ಬಾಲ್ಕನಿಯಲ್ಲಿ, ಎಲ್ಲರೂ ಮಾಡೋ ಹಾಗೆ. ಬೀಜದ ಎರಡರಷ್ಟು ಆಳ, ಮೇಲೆ ತೆಳ್ಳಗೆ ಗೊಬ್ಬರ. ಮಾರ್ಚ್ ಬಿಸಿಲಿಗೆ ಮೇಲಿನ ಅರ್ಧ ಇಂಚು ಮಣ್ಣು ಹನ್ನೊಂದು ಗಂಟೆಗೇ ಬೂದಿಯಾಗುತ್ತೆ, ಬೀಜ ಇರೋದು ಅಲ್ಲೇ. ನೀರು ಹಾಕಿದರೆ ಬೀಜ ಕೆಳಗೆ ಜಾರುತ್ತೆ, ಹಾಕದಿದ್ದರೆ ಒಣಗುತ್ತೆ. ಒಂದು ಸಲ ನೀರು ಕುಡಿದು ಎದ್ದ ಬೀಜ ಮತ್ತೆ ಒಣಗಿದರೆ ಮುಗೀತು, ಅದಕ್ಕೆ ವಾಪಸು ಹೋಗಿ ಮಲಗೋಕೆ ಬರೋದಿಲ್ಲ. ಜೊತೆಗೆ ಇರುವೆ. ಜೊತೆಗೆ ಪಾರಿವಾಳ, ಅವುಗಳ ಬಗ್ಗೆ ಪುಣೆಯವರಿಗೆ ಹೇಳೋದೇ ಬೇಡ. ಮೂವತ್ತೊಂದನೇ ದಿನ ಒಂದೇ ಒಂದು ಸಸಿ ತಲೆ ಎತ್ತಿತು. ಹನ್ನೆರಡಕ್ಕೆ ಒಂದು.

ಎರಡನೇ ಪಾಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗೆ. ಇಟ್ಟಿಗೆ ಥರ ಒತ್ತಿ ಮಾರೋ ಕೋಕೋಪೀಟ್. ಅದನ್ನು ಎರಡು ಮೂರು ನೀರಲ್ಲಿ ತೊಳೆದೇ ಬಳಸಬೇಕು, ಇಲ್ಲದಿದ್ದರೆ ಅದರಲ್ಲಿನ ಉಪ್ಪಿನಂಶ ಎಳೆಬೇರಿಗೆ ಆಗೋದಿಲ್ಲ. ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಟ್ಟೆ. ಹದಿನೇಳನೇ ದಿನದಿಂದ ಶುರುವಾಗಿ, ತಿಂಗಳು ಮುಗಿಯೋ ಹೊತ್ತಿಗೆ ಐದು. ಹೋದವು ಹೋದದ್ದು ಏಕೆ ಅಂತ ಗೊತ್ತಾಗದೇ ಇರೋದು ಈ ವಿಧಾನದ ತೊಂದರೆ. ಪುಡಿಯೊಳಗೆ ಏನು ನಡೀತಿದೆ ಅಂತ ಕಾಣೋದಿಲ್ಲ, ಕೆದಕಿ ನೋಡೋ ಹಾಗೂ ಇಲ್ಲ.

ಮೂರನೇದು ಟಿಶ್ಯೂ. ನಾಲ್ಕು ಪದರ ಟಿಶ್ಯೂ ಒದ್ದೆ ಮಾಡಿ, ಹಿಂಡಿ, ಬೀಜ ಸಾಲಾಗಿಟ್ಟು, ಮಡಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹಿಂಡೋದು ಮುಖ್ಯ. ನೀರು ನಿಂತರೆ ಬೀಜಕ್ಕೆ ಉಸಿರು ಕಟ್ಟುತ್ತೆ, ಮುಟ್ಟಿದರೆ ಬೆರಳು ತಣ್ಣಗಾಗಬೇಕು, ಹನಿ ಬೀಳಬಾರದು. ಬೆಚ್ಚಗಿನ ಜಾಗಕ್ಕೆ ಮನೆಯೆಲ್ಲ ಥರ್ಮಾಮೀಟರ್ ಹಿಡಿದು ಓಡಾಡಿದೆ. ಹಿಂದೆಲ್ಲ ಫ್ರಿಜ್ಜಿನ ತಲೆ ಬೆಚ್ಚಗಿರ್ತಿತ್ತು, ಈಗಿನ ಫ್ರಿಜ್ಜುಗಳು ಮೇಲೆ ತಣ್ಣಗೇ ಇರುತ್ತವೆ. ಕೊನೆಗೆ ಸಿಕ್ಕಿದ್ದು ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸು. ಅದರ ಬೆನ್ನ ಮೇಲೆ ಒಂದು ಮಡಚಿದ ಟವೆಲ್, ಅದರ ಮೇಲೆ ಡಬ್ಬಿ. ಸರಿಯಾಗಿ 30, 31. ಗಾಳಿಯಾಡೋ ತೂತು ಮುಚ್ಚದ ಹಾಗೆ ಇಡಬೇಕು ಅಷ್ಟೇ. ಒಂಬತ್ತನೇ ದಿನ ಸಂಜೆ ಡಬ್ಬಿ ತೆರೆದರೆ ಒಂದು ಬೀಜದ ಅಂಚಲ್ಲಿ ಬಿಳೀ ಚುಕ್ಕೆ! ಅನ್ನದ ಅಗುಳಿನ ತುದಿಯಷ್ಟು. ಹೆಂಡತಿಯನ್ನು ಕರೆದು, ಕನ್ನಡಕ ಹಾಕಿಸಿ ತೋರಿಸಿದೆ. "ಇದಕ್ಕಾ ಸೀರಿಯಲ್ ಹಾಕೋಕೆ ಬಿಡ್ತಿರಲಿಲ್ಲ?" ಅಂದಳು. ಅಪಾರ್ಥ. ನಾನು ಟಿವಿ ಆಫ್ ಮಾಡಬೇಡಿ ಅಂತಿದ್ದೆ, ಬಾಕ್ಸ್ ಬೆಚ್ಚಗಿರಲಿ ಅಂತ! ಒಟ್ಟು ಒಂಬತ್ತು ಮೊಳೆತವು. ಆದರೆ ಎರಡರ ಬೇರು ಟಿಶ್ಯೂ ಒಳಗೆ ಹೊಕ್ಕಿಕೊಂಡಿತ್ತು, ಬಿಡಿಸುವಾಗ ತುಂಡಾಯ್ತು. ಟಿಶ್ಯೂ ಹಾಕೋರು ಬೇರು ಅರ್ಧ ಸೆಂಟಿಮೀಟರ್ ಆಗೋ ಮೊದಲೇ ಮಣ್ಣಿಗೆ ಹಾಕಬೇಕು, ಬಿಡಿಸೋಕೆ ಬರದಿದ್ದರೆ ಸುತ್ತಲಿನ ಕಾಗದ ಸಮೇತ ಕತ್ತರಿಸಿ ಹೂಳಬೇಕು. ಕಾಗದ ಹೇಗೂ ಕರಗುತ್ತೆ.

ನಾಲ್ಕನೇ ಪಾಲು ಆಯಿಯ ವಿಧಾನ. ಅವಳು ಮೆಣಸಿಗಲ್ಲ, ಮೊಗೆಕಾಯಿ, ಹೀರೆ, ಹಾಗಲ ಬೀಜಕ್ಕೆ ಮಾಡ್ತಿದ್ದಳು. ಹಳೇ ಪಂಚೆ ತುಂಡಲ್ಲಿ ಬೀಜ ಕಟ್ಟಿ, ನೀರಲ್ಲಿ ಅದ್ದಿ, ಬಾಳೆ ಎಲೆಯಲ್ಲಿ ಸುತ್ತಿ ಬಚ್ಚಲು ಒಲೆಯ ಪಕ್ಕ ಇಡೋದು. ಒಲೆ ಮೇಲಲ್ಲ, ಒಲೆ ಗೋಡೆಗೆ ತಾಗಿಸಿ. ಹುಡುಗನಾಗಿದ್ದಾಗ ನಾನು ಕೇಳಿದ್ದಕ್ಕೆ "ಬೀಜಕ್ಕೆ ಬೆಚ್ಚಗಾಗವು ತಮಾ, ಬರೀ ಒದ್ದೆಯಾದ್ರೆ ಸಾಲ್ತಿಲ್ಲೆ" ಅಂದಿದ್ದಳು. ಊರಲ್ಲಿ ಬತ್ತದ ಬೀಜಕ್ಕೂ ಅದೇ ಅಲ್ಲವೇ? ಒಂದು ದಿನ ನೆನೆಸಿ, ಮೂಟೆ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿ ಇಟ್ಟರೆ ಮರುದಿನ ಮೂಟೆಯೊಳಗೆ ಕೈ ಹಾಕಿದರೆ ಬಿಸಿ. ಆ ಬಿಸಿ ಎಲ್ಲಿಂದಲೂ ಬಂದದ್ದಲ್ಲ, ಬೀಜಗಳೇ ಉಸಿರಾಡಿ ಹುಟ್ಟಿಸಿಕೊಂಡದ್ದು.

ಇಲ್ಲಿ ಬಚ್ಚಲು ಒಲೆ ಎಲ್ಲಿ, ಗೀಸರ್ ಅಷ್ಟೇ. ದಾರಿ ತೋರಿಸಿದ್ದು ಎದುರುಮನೆ ಕಾಕೂ. ಮಿಸಳ್‌ಗೆ ಮಟಕಿ ಮೊಳಕೆ ಬರಿಸೋದರಲ್ಲಿ ಅವರನ್ನು ಮೀರಿಸೋರಿಲ್ಲ. (ನಾರಾಯಣ ಪೇಠೆಯ ಬೇಡೇಕರ್ ಮಿಸಳ್ ತಿಂದು ಬಂದು, ಅಲ್ಲಿನ ಮಟಕಿಯನ್ನೂ ವಿಮರ್ಶೆ ಮಾಡ್ತಾರೆ!) ನಮ್ಮ ಮಡಕಿಕಾಳೇ ಅವರ ಮಟಕಿ. ಅವರು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಗಟ್ಟಿ ಕಟ್ಟಿ, ಮುಚ್ಚಿದ ಡಬ್ಬಿಯಲ್ಲಿ ಇಡ್ತಾರೆ. ನನ್ನ ಹನ್ನೆರಡು ಬೀಜದ ಗಂಟು ನೋಡಿ ನಕ್ಕು, "ಇದಕ್ಕೆ ಊಬ ಎಲ್ಲಿಂದ ಬರಬೇಕು?" ಅಂದರು. ಊಬ ಅಂದರೆ ಮೈಗೆ ಹಿತವಾದ ಬೆಚ್ಚಗೆ, ತಾಯಿ ಮಗ್ಗುಲಲ್ಲಿ ಮಗುವಿಗೆ ಸಿಗೋದು. ನಮ್ಮ 'ಕಾವು' ಅನ್ನೋ ಪದ ಹತ್ತಿರ ಬರುತ್ತೆ, ಕೋಳಿ ಮೊಟ್ಟೆಗೆ ಕೊಡೋ ಕಾವು. ಕಾಕೂ ಹೇಳಿದ್ದು ನೂರಕ್ಕೆ ನೂರು ಸರಿ. ಅರ್ಧ ಕಿಲೋ ಮಟಕಿ ತನ್ನ ಕಾವು ತಾನೇ ಮಾಡಿಕೊಳ್ಳುತ್ತೆ, ಮೂಟೆ ಬತ್ತವೂ ಮಾಡಿಕೊಳ್ಳುತ್ತೆ. ಹನ್ನೆರಡು ಮೆಣಸಿನ ಬೀಜಕ್ಕೆ ಆ ತಾಕತ್ತಿಲ್ಲ. ಅದಕ್ಕೇ ಆಯಿ ಒಲೆಯ ಆಸರೆ ಕೊಡ್ತಿದ್ದಳು.

ಮೊದಲ ಎರಡು ದಿನ ಗಂಟನ್ನು ಕಾಕೂ ತಮ್ಮ ಮಟಕಿ ಡಬ್ಬಿಯಲ್ಲೇ ಇಟ್ಟುಕೊಂಡರು. ಮಟಕಿ ಮಿಸಳ್ ಆದ ಮೇಲೆ ಗಂಟು ವಾಪಸು ಬಂತು. ಆಮೇಲೆ ನಮ್ಮ ಚಪಾತಿ ಹಾಟ್‌ಪಾಟಿನಲ್ಲಿ, ಪಕ್ಕದಲ್ಲಿ ಬಿಸಿನೀರು ತುಂಬಿದ ಸಣ್ಣ ಬಾಟಲಿ. ಬೆಳಿಗ್ಗೆ ಸಂಜೆ ನೀರು ಬದಲಾಯಿಸೋದು, ಆಗಲೇ ಗಂಟು ಬಿಚ್ಚಿ ಗಾಳಿ ತಾಗಿಸೋದು. ಚಪಾತಿಗೆ ಬೇರೆ ಡಬ್ಬಿ ತರಬೇಕಾಯ್ತು. ಹನ್ನೊಂದನೇ ದಿನ ಮೊದಲ ಮೊಳಕೆ, ಒಟ್ಟು ಎಂಟು. ಟಿಶ್ಯೂಗಿಂತ ಒಂದು ಕಮ್ಮಿ. ಆದರೆ ಬಟ್ಟೆಯಿಂದ ಎಂಟೂ ಸಲೀಸಾಗಿ ಬಿಟ್ಟವು, ಒಂದೂ ಮುರಿಯಲಿಲ್ಲ. ಹಳೇ ಪಂಚೆಯ ನೇಯ್ಗೆ ನುಣುಪಾಗಿರುತ್ತೆ, ಬೇರಿಗೆ ಹಿಡಿತ ಸಿಗೋದಿಲ್ಲ. ಮಣ್ಣಿಗೆ ಹೋದ ಲೆಕ್ಕ ಹಿಡಿದರೆ ಟಿಶ್ಯೂ ಏಳು, ಪಂಚೆ ಎಂಟು. ಹನ್ನೆರಡು ಹನ್ನೆರಡು ಬೀಜದ ಮೇಲೆ ದೊಡ್ಡ ತೀರ್ಮಾನ ಕೊಡೋಕಾಗಲ್ಲ ಅಂತ ಗೊತ್ತು. ಆದರೂ ನನ್ನ ಓಟು ಪಂಚೆಗೆ.

ಫೋನಲ್ಲಿ ಅತ್ತಿಗೆ ಮಜ್ಜಿಗೆಯ ವಿಷಯ ಬಿಡಲೇ ಇಲ್ಲ. ಹುಳಿ ಮಜ್ಜಿಗೆಯಲ್ಲಿ ನೆನೆಸಿದರೆ ಹಕ್ಕಿ ಹೊಟ್ಟೆಯಲ್ಲಿ ಹಾದು ಬಂದ ಹಾಗಾಗುತ್ತೆ ಅಂತ ಅವಳ ವಾದ. ಆಯಿಯ ಬೀಜದಲ್ಲಿ ಪ್ರಯೋಗ ಬೇಡ ಅಂತ ಲವಂಗಿ ಮಿರ್ಚಿಯ ಇಪ್ಪತ್ತು ಬೀಜ ಮಜ್ಜಿಗೆಯಲ್ಲಿ, ಇಪ್ಪತ್ತು ನೀರಲ್ಲಿ ನೆನೆಸಿ ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಆದರೆ ಹಕ್ಕಿಯ ಮಾತಲ್ಲಿ ಸತ್ಯ ಇದೆ. ಮೆಣಸಿನ ಖಾರ ನಮಗೂ ಇಲಿಗೂ ಉರಿ, ಹಕ್ಕಿಗೆ ಅದು ತಾಗೋದೇ ಇಲ್ಲ. ಇಲಿ ತಿಂದರೆ ಬೀಜವನ್ನು ಅಗಿದು ಹಾಕುತ್ತೆ, ಹಕ್ಕಿ ಇಡಿಯಾಗಿ ನುಂಗಿ ಬೇರೆ ಕಡೆ ಬಿಡುತ್ತೆ, ಹಾಗಾಗಿ ಖಾರ ಅನ್ನೋದು ಗಿಡ ಗಿರಾಕಿ ಆರಿಸಿಕೊಳ್ಳೋ ಉಪಾಯ. ಬೊಲಿವಿಯಾದ ಕಾಡುಮೆಣಸಿನ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಕ್ಕಿಯ ಹೊಟ್ಟೆ ಹಾದು ಬಂದ ಬೀಜಗಳು ಹೆಚ್ಚು ಬದುಕಿದ್ದು ಕಂಡುಬಂತು. ಹೊಟ್ಟೆಯ ಹಾದಿಯಲ್ಲಿ ಬೀಜಕ್ಕೆ ಅಂಟಿದ ಬೂಷ್ಟು ತೊಳೆದುಹೋಗುತ್ತೆ, ಇರುವೆಯನ್ನು ಕರೆಯೋ ವಾಸನೆಯೂ ಕಮ್ಮಿಯಾಗುತ್ತೆ. ನನ್ನ ಕುಂಡದ ಇರುವೆಗಳು ನೆನಪಾದವು.

ಬೀಜ ಹುಟ್ಟೋ ವಿದ್ಯೆ ಪುಣೆಯಲ್ಲಿ ಹೊಸದೇನಲ್ಲ ಬಿಡಿ. ನವರಾತ್ರಿಯಲ್ಲಿ ಇಲ್ಲಿ ಘಟ ಕೂರಿಸ್ತಾರಲ್ಲ, ಕಲಶದ ಸುತ್ತ ಮಣ್ಣು ಹರಡಿ ಧಾನ್ಯ ಬಿತ್ತುತ್ತಾರೆ. ಅದಕ್ಕೆ ಬೇಕಾದ ಕರಿಮಣ್ಣನ್ನೂ ಹೆಂಗಸರು ಮಂಡಈ ಹತ್ತಿರ ಗುಡ್ಡೆ ಹಾಕಿ ಮಾರ್ತಾರೆ. ಒಂಬತ್ತು ದಿನಕ್ಕೆ ಗೇಣುದ್ದ ಹಳದಿ ಮೊಳಕೆ, ದಸರೆಗೆ ಗಂಡಸರ ಟೋಪಿಯಲ್ಲಿ. ಬೆಳಗಾವಿ, ವಿಜಯಪುರದ ಕಡೆಯವರು ಇದನ್ನು ಓದಿ "ನಮ್ಮಲ್ಲೂ ಐತ್ರೀ" ಅಂತೀರಿ, ಗೊತ್ತು. ನಮ್ಮಲ್ಲಿ ಉಪನಯನ, ಮದುವೆಗೆ ಅಂಕುರಾರ್ಪಣೆ ಇದೆ. ಬಿತ್ತನೆಗೆ ಮೊದಲು ಮನೆಯ ಬೀಜ ಹುಟ್ಟುತ್ತೋ ಇಲ್ಲವೋ ನೋಡಿಕೊಳ್ಳೋ ಪರೀಕ್ಷೆಯೇ ಪೂಜೆಯಾಗಿರಬೇಕು ಅಂತ ನನ್ನ ಅನುಮಾನ.

ನಮ್ಮನೆಯಿಂದ ದೂರವಿಲ್ಲದ ವಾರ್ಜೆಯಲ್ಲಿ ಬೈಫ್ ಸಂಸ್ಥೆಯ ಮುಖ್ಯ ಕಚೇರಿ ಇದೆ. ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಉರುಳಿ ಕಾಂಚನದಲ್ಲಿ ಶುರು ಮಾಡಿದ್ದು. ಅಕೋಲೆ ತಾಲೂಕಿನ ಕೊಂಭಾಳಣೆಯ ರಾಹೀಬಾಯಿ ಪೋಪೆರೆ ಅವರು ನಾಟಿ ಬೀಜ ಕೂಡಿಡೋ ಕೆಲಸಕ್ಕೆ ಜೊತೆ ನಿಂತದ್ದು ಇದೇ ಸಂಸ್ಥೆ. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿಗೆ 2020ರಲ್ಲಿ ಪದ್ಮಶ್ರೀ ಬಂತು. ಶಿರಸಿಯಲ್ಲೂ 'ವನಸ್ತ್ರೀ' ಅಂತ ಹೆಂಗಸರ ಗುಂಪು 2001ರಿಂದ ಹಿತ್ತಲ ಬೀಜಗಳನ್ನು ಕೈಯಿಂದ ಕೈಗೆ ದಾಟಿಸ್ತಿದೆ. ಇವರೆಲ್ಲ ಹೇಳೋದು ಒಂದೇ. ಬೀಜ ಬಾಟಲಿಯಲ್ಲಿ ಉಳಿಯೋದಿಲ್ಲ, ಬಿತ್ತಿದರೆ ಮಾತ್ರ ಉಳಿಯುತ್ತೆ.

ಮುಂದಿನದ್ದು ಚುಟುಕಾಗಿ ಹೇಳ್ತೀನಿ. ನಾಲ್ಕೂ ಕಡೆಯಿಂದ ಮಣ್ಣಿಗೆ ಬಂದ ಸಸಿ ಇಪ್ಪತ್ತೊಂದು. ಬುಡ ಕೊಳೆತು ಏಳು ಸತ್ತವು, ಪೇಟೆಯಲ್ಲಿ ಇದರ ಹೆಸರು ಡ್ಯಾಂಪಿಂಗ್ ಆಫ್. ರಾತ್ರಿ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತೆ. ನೀರು ಮೇಲಿಂದ ಹಾಕದೆ, ತಟ್ಟೆಗೆ ಹಾಕಿ ಕೆಳಗಿಂದ ಕುಡಿಸಿದ ಮೇಲೆ ನಿಂತಿತು. ಮೇ ತಿಂಗಳ ಬಿಸಿಲಿಗೆ ಐದು. ಜೂನ್ ಮಳೆ ಬರೋ ಹೊತ್ತಿಗೆ ಒಂಬತ್ತು ಗಿಡ ಗಟ್ಟಿಯಾಗಿ ನಿಂತವು. ಅಕ್ಟೋಬರಲ್ಲಿ ಕಾಯಿ. ಏಳು ಗಿಡದಲ್ಲಿ ಮಜ್ಜಿಗೆ ಬಣ್ಣದ್ದೇ, ಎರಡರಲ್ಲಿ ಹಸಿರು. ಹಿತ್ತಲಲ್ಲಿ ಜೇನ್ನೊಣ ಯಾವ ಗಿಡದಿಂದ ಯಾವುದಕ್ಕೆ ಹಾರಿತ್ತೋ! ಹಸಿರು ಕಾಯಿ ಬಿಟ್ಟ ಎರಡೂ ಗಿಡವನ್ನು ಕಾಕೂಗೆ ಕೊಟ್ಟೆ, ಅವರಿಗೆ ಬಣ್ಣದ ತಕರಾರಿಲ್ಲ. ಉಳಿದವಕ್ಕೆ ಸೊಳ್ಳೆಪರದೆ ತುಂಡು ಹೊದಿಸಿ, ಒಳಗೇ ಹೂವು ಅಲುಗಾಡಿಸಿ ಬೀಜಕ್ಕೆ ಕಾಯಿ ಕಟ್ಟಿಸಿದೆ.

ಮೊದಲ ಕಾಯಿಯ ದಿನ ಮನೆಯಲ್ಲಿ ಮಾವಿನಕಾಯಿ ಇರಲಿಲ್ಲ, ಅಕ್ಟೋಬರಲ್ಲಿ ಎಲ್ಲಿಂದ ಬರಬೇಕು. ಹುಣಸೆಹುಳಿಯಲ್ಲೇ ಗೊಜ್ಜು ಮಾಡಿ ಎರಡು ಕಾಯಿ ನುರಿದೆವು. ಮಗಳಿಗೆ ಖಾರ ಹತ್ತಿ ಕಣ್ಣಲ್ಲಿ ನೀರು. "ಅಜ್ಜಿ ಮನೆ ವಾಸನೆ" ಅಂದಳು. ಹುಟ್ಟಿದ್ದು ಬೆಳೆದದ್ದು ಎಲ್ಲಾ ಪುಣೆಯಲ್ಲೇ ಆದವಳು. ನಾನು ಎದ್ದು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ಗಿಡಕ್ಕೆ ನೀರು ಹಾಕಿದೆ, ಬೆಳಿಗ್ಗೆ ಹಾಕಿ ಆಗಿತ್ತಾದರೂ.

2025ರ ಮಾರ್ಚಲ್ಲಿ ಹೊಸ ಬೀಜದಲ್ಲಿ ನಲವತ್ತನ್ನು ಪೂರ್ತಿ ಪಂಚೆ ವಿಧಾನದಲ್ಲೇ ಕಟ್ಟಿದೆ, ಹಾಟ್‌ಪಾಟಿನ ಬದಲು ಸೆಟ್‌ಟಾಪ್ ಬಾಕ್ಸಿನ ಮೇಲೆ. ಮೂವತ್ಮೂರು ಮೊಳೆತವು. ಹೊಸ ಬೀಜ ಹಳೇ ಬೀಜ ಅನ್ನೋ ವ್ಯತ್ಯಾಸ ಯಾವ ವಿಧಾನಕ್ಕಿಂತಲೂ ದೊಡ್ಡದು. ಅಣ್ಣ ಬಂದಾಗ ಎರಡು ಸಸಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದ, ಶಿರಸಿ ಮನೆಯ ತಾರಸಿಗೆ. ಅಲ್ಲೂ ಪಿಕಳಾರ ಬರುತ್ತಂತೆ.

ಬಾಟಲಿಯ ಹದಿನಾರು ಹಾಗೇ ಇವೆ. ಅವನ್ನು ಬಿತ್ತು, ಇನ್ನೂ ಏಕೆ ಇಟ್ಟುಕೊಂಡಿದ್ದೀಯಾ ಅಂತ ಹೆಂಡತಿ ಕೇಳ್ತಾಳೆ. ಬೀಜದ ಲೆಕ್ಕದಲ್ಲಿ ಅವಳು ಹೇಳೋದೇ ಸರಿ.

ಬಿಳಿ ಸೂಜಿಮೆಣಸಿನ ಬೀಜ ಬೇಕಾದವರು ತಿಳಿಸಿ, ಅಂಚೆಯಲ್ಲಿ ಕಳಿಸ್ತೀನಿ. ಒಬ್ಬರಿಗೆ ಹನ್ನೆರಡು. ಪುಣೆ, ನಾಸಿಕ, ದಿಲ್ಲಿ ಕಡೆಯವರು ಚಳಿಯಲ್ಲಿ ಕೇಳಬೇಡಿ, ಫೆಬ್ರವರಿ ಕೊನೆಗೆ ಕಳಿಸ್ತೀನಿ. ಹಳೇ ಪಂಚೆ ನೀವೇ ಹುಡುಕಿಕೊಳ್ಳಿ.